ಮನವೊಲಿಸುವ ಭಾಷಣವೂ ವಿಜ್ಞಾನದ ತರಗತಿಯೂ

ರಾಜಕಾರಣಿಯ ಭಾಷಣವೆಂದರೆ ಸಮಾಜ ವಿಜ್ಞಾನದ ವಿಷಯವೆಂದು ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಪಕ್ಕಕ್ಕಿಡುವುದುಂಟು. ಆದರೆ ಹೇಳಿಕೆಯನ್ನು ಒರೆಗೆ ಹಚ್ಚುವುದು ವಿಜ್ಞಾನದ ಕೆಲಸವೇ. ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ 1963ರ ಜೂನ್ 10ರಂದು ವಾಷಿಂಗ್ಟನ್‌ನ ಅಮೆರಿಕನ್ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಮಾಡಿದ ಭಾಷಣ ಇದಕ್ಕೆ ಒಳ್ಳೆಯ ಉದಾಹರಣೆ.

ಹಿಂದಿನ ಅಕ್ಟೋಬರ್‌ನಲ್ಲಿ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನಿಂದಾಗಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಬಂದಿದ್ದವು. ಎದುರಾಳಿ ಬದಲಾಗಲಿ ಎನ್ನುವ ಮೊದಲು ನಮ್ಮ ಧೋರಣೆಯನ್ನೇ ನೋಡಿಕೊಳ್ಳೋಣ ಎಂದು ಕೆನಡಿ ಪದವೀಧರರಿಗೆ ಹೇಳಿದರು. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಜನ ಕನಿಷ್ಠ 2 ಕೋಟಿ ಜೀವಗಳನ್ನು ಕಳೆದುಕೊಂಡದ್ದನ್ನು ನೆನಪಿಸಿದರು. ಮನುಷ್ಯರೆಲ್ಲ ಉಸಿರಾಡುವ ಗಾಳಿ ಒಂದೇ ಎಂದರು. ಬೇರೆ ದೇಶಗಳು ನಡೆಸದಿರುವವರೆಗೆ ಅಮೆರಿಕವೂ ವಾತಾವರಣದಲ್ಲಿ ಅಣುಪರೀಕ್ಷೆ ನಡೆಸುವುದಿಲ್ಲ ಎಂದು ಘೋಷಿಸಿದರು.

ಕಪ್ಪುಹಲಗೆಯ ಮೇಲೆ ಮೂರು ಕಾಲಂ ಹಾಕಿ: ಪರಿಶೀಲಿಸಬಹುದಾದ ಸಂಗತಿ, ಮನಸ್ಸಿಗೆ ತಟ್ಟುವ ಮಾತು, ಕೊಟ್ಟ ಭರವಸೆ. ಮಕ್ಕಳು 2 ಕೋಟಿಯನ್ನು ಮೊದಲನೆಯದರಲ್ಲೂ ಪರೀಕ್ಷೆ ನಿಲ್ಲಿಸುವ ಘೋಷಣೆಯನ್ನು ಮೂರನೆಯದರಲ್ಲೂ ಬರೆದಾರು. 'ಒಂದೇ ಗಾಳಿ' ಎಂಬ ಮಾತು ಬಹುಶಃ ಎರಡನೆಯದಕ್ಕೆ ಹೋಗುತ್ತದೆ. ಪಾಠ ಶುರುವಾಗುವುದು ಅಲ್ಲಿಂದಲೇ.

ವಾತಾವರಣದಲ್ಲಿ ಬಾಂಬ್ ಸಿಡಿದರೆ ವಿಕಿರಣಶೀಲ ಧೂಳು ಗಾಳಿಯೊಡನೆ ದೇಶದ ಗಡಿ ದಾಟಿ, ಮಳೆಯಲ್ಲಿ ನೆಲಕ್ಕಿಳಿಯುತ್ತದೆ. ಅದರಲ್ಲಿರುವ ಸ್ಟ್ರಾನ್ಷಿಯಂ-90 ಆವರ್ತಕ ಕೋಷ್ಟಕದಲ್ಲಿ ಕ್ಯಾಲ್ಸಿಯಂ ಇರುವ ಗುಂಪಿನದೇ. ಹಾಗಾಗಿ ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಕ್ಕಳ ಮೂಳೆಗೆ ಸೇರುತ್ತದೆ. ಇದರ ಅರ್ಧಾಯು ಸುಮಾರು 29 ವರ್ಷ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಶಾಲೆಗೆ ಬರುವ ಊರ್ಡಿಗೆರೆ ಕಡೆಯ ಮಕ್ಕಳಿಗೆ ಈ ಸರಪಳಿಯನ್ನು ಬಿಡಿಸಿ ಹೇಳಬೇಕಿಲ್ಲ. ಮನಸ್ಸಿಗೆ ತಟ್ಟಿದ ಮಾತು ಪರಿಶೀಲನೆಗೂ ನಿಲ್ಲಬಲ್ಲದು ಎಂದು ಅವರೇ ಕಂಡುಕೊಳ್ಳುತ್ತಾರೆ.

ಭರವಸೆಯ ಕಾಲಂ ತುಂಬಲು ಮುಂದಿನ ಚರಿತ್ರೆ ಬೇಕು. ಆಗಸ್ಟ್ 5ರಂದು ಮಾಸ್ಕೋದಲ್ಲಿ ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿದವು. ಪರೀಕ್ಷೆಗಳು ನಿಲ್ಲಲಿ ಎಂದು 1954ರಲ್ಲೇ ನೆಹರೂ ಕೇಳಿದ್ದರು. ಭಾರತವೂ ಅದೇ ತಿಂಗಳು ಸಹಿ ಮಾಡಿತು. ಆದರೆ ಒಪ್ಪಂದ ಭೂಗತ ಪರೀಕ್ಷೆಯನ್ನು ತಡೆಯಲಿಲ್ಲ. ಫ್ರಾನ್ಸ್, ಚೀನಾ ಸಹಿ ಹಾಕಲಿಲ್ಲ. ಇದನ್ನೂ ಹಲಗೆಯ ಮೇಲೆ ಬರೆಯಬೇಕು. ಇಲ್ಲವಾದರೆ ನಾವು ಕಲಿಸಿದ್ದು ಪರಿಶೀಲನೆಯಲ್ಲ, ಹೊಗಳಿಕೆ.

ಇಂದು ಮಕ್ಕಳು ಮೊಬೈಲಿನಲ್ಲಿ ಯುದ್ಧದ ಮಾತು, ಶತ್ರುದೇಶದ ಮಾತು ದಿನವೂ ಕೇಳುತ್ತಾರೆ. ಯಾವ ನಾಯಕ ಸರಿ ಎಂದು ಶಿಕ್ಷಕರು ತೀರ್ಪು ಕೊಡಬೇಕಿಲ್ಲ. ಮೌಲ್ಯಮಾಪನಕ್ಕೆ ಹೊಸದೊಂದು ಭಾಷಣದ ನಾಲ್ಕು ವಾಕ್ಯ ಕೊಟ್ಟು, ಪ್ರತಿಯೊಂದೂ ಯಾವ ಕಾಲಂಗೆ ಸೇರುತ್ತದೆ, ಏಕೆ ಎಂದು ಕೇಳಿದರೆ ಸಾಕು. ಅಂಕ ಆ 'ಏಕೆ'ಗೆ ಇರಲಿ.