ಶಾಲೆಗಳಲ್ಲಿ ಅಂಗಸಾಧನೆ: ಪ್ರಮಾಣ ಮತ್ತು ಗುಣ

ಶಾಲೆಯ ವೇಳಾಪಟ್ಟಿಯಲ್ಲಿ ಅಂಗಸಾಧನೆಗೆ ವಾರಕ್ಕೆ ಎಷ್ಟು ಅವಧಿಗಳಿವೆಯೆಂಬುದು ಒಂದು ಪ್ರಶ್ನೆ. ಆ ಅವಧಿಗಳಲ್ಲಿ ಒಂದೊಂದು ಮಗುವೂ ಎಷ್ಟು ನಿಮಿಷ ನಿಜವಾಗಿ ಓಡಿತು, ನೆಗೆಯಿತು, ಎಸೆಯಿತು ಎಂಬುದು ಬೇರೊಂದು ಪ್ರಶ್ನೆ. ಮೊದಲನೆಯದು ಪ್ರಮಾಣಕ್ಕೆ ಸಂಬಂಧಿಸಿದ್ದು; ಎರಡನೆಯದು ಗುಣಕ್ಕೆ. ಎರಡನೆಯದನ್ನು ಕಡೆಗಣಿಸಿದರೆ ಮೊದಲನೆಯದರಿಂದ ದೊರೆಯುವ ಲಾಭ ಅತ್ಯಲ್ಪ.

ಆಂಗ್ಲರ ಆಳ್ವಿಕೆಯ ಕಾಲದಲ್ಲಿ ಈ ವಿಷಯವು ನಮ್ಮ ಶಾಲೆಗಳಿಗೆ ಮುಖ್ಯವಾಗಿ ಕವಾಯತಿನ ರೂಪದಲ್ಲಿ ಬಂದಿತು. ಶಿಕ್ಷಕನು ಆಜ್ಞೆ ಕೊಡುವುದು, ಮಕ್ಕಳು ಸಾಲಾಗಿ ನಿಂತು ಕೈಕಾಲಾಡಿಸುವುದು—ಇಷ್ಟಕ್ಕೇ ಅದು ಸೀಮಿತವಾಗಿತ್ತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ವಿದ್ಯಾಲಯವನ್ನು ಸ್ಥಾಪಿಸಿದರು. ಮುಂಬಯಿ ಸರಕಾರವು 1938ರಲ್ಲಿ ಕಾಂದಿವಲಿಯಲ್ಲಿ ಅಂಥದೇ ಸಂಸ್ಥೆಯನ್ನು ತೆರೆಯಿತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತದಲ್ಲಿಯೇ ಇದ್ದವು. 1957ರಲ್ಲಿ ಗ್ವಾಲಿಯರಿನಲ್ಲಿ ಲಕ್ಷ್ಮೀಬಾಯಿ ವಿದ್ಯಾಲಯವು ಪ್ರಾರಂಭವಾಯಿತು. ಹೀಗೆ ತರಬೇತು ಹೊಂದಿದ ಶಿಕ್ಷಕರ ಒಂದು ವರ್ಗವೇ ರೂಪುಗೊಂಡಿತು.

ಪ್ರಮಾಣದ ವಿಷಯದಲ್ಲಿ ಕಾನೂನೂ ನೆರವಿಗೆ ಬಂದಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಗೆ ಆಟದ ಬಯಲು ಅಗತ್ಯವೆಂದಿತು. ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಅರೆಕಾಲಿಕ ವ್ಯಾಯಾಮ ಶಿಕ್ಷಕರು ಇರಬೇಕೆಂದು ವಿಧಿಸಿತು. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯು 2018ರಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ದಿನಕ್ಕೊಂದು ಅವಧಿಯನ್ನು ಕಡ್ಡಾಯಗೊಳಿಸಿತು. ಆದರೂ ತೃಪ್ತಿಪಡುವಂತಿಲ್ಲ. ಬೆಳೆಯುವ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಲನೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮತ. 2019ರಲ್ಲಿ ಪ್ರಕಟವಾದ ಅದರ ಅಧ್ಯಯನದಂತೆ, 146 ದೇಶಗಳ 11ರಿಂದ 17 ವರ್ಷದ ಶಾಲಾ ಮಕ್ಕಳಲ್ಲಿ ನೂರಕ್ಕೆ 81 ಮಂದಿ 2016ರಲ್ಲಿ ಈ ಮಟ್ಟವನ್ನು ಮುಟ್ಟಿರಲಿಲ್ಲ. ಹುಡುಗರಲ್ಲಿ ಈ ಸಂಖ್ಯೆ 78, ಹುಡುಗಿಯರಲ್ಲಿ 85.

ಅವಧಿಯಿದ್ದೂ ಚಲನೆಯಿಲ್ಲದಿರುವುದು ಹೇಗೆ? ಪರೀಕ್ಷೆ ಸಮೀಪಿಸಿದಾಗ ಗಣಿತವೋ ವಿಜ್ಞಾನವೋ ಈ ಅವಧಿಯನ್ನು ನುಂಗಿಬಿಡುವುದು ಎಲ್ಲರೂ ಬಲ್ಲ ಸಂಗತಿ. ಅದಕ್ಕಿಂತ ಗೂಢವಾದ ನಷ್ಟವು ಬಯಲಿನಲ್ಲಿಯೇ ಸಂಭವಿಸುತ್ತದೆ. ಉದಾಹರಣೆಗೆ, 48 ಮಕ್ಕಳ ತರಗತಿ, 40 ನಿಮಿಷಗಳ ಅವಧಿ ಎಂದು ಭಾವಿಸೋಣ. ಕೂಡುವುದು, ಹಾಜರಿ, ಸಾಮಗ್ರಿ ಹಂಚಿಕೆ, ಹಿಂತಿರುಗುವಿಕೆಗಳಲ್ಲಿ 16 ನಿಮಿಷ ಕಳೆದು 24 ನಿಮಿಷ ಉಳಿಯಿತೆನ್ನಿ. ಇರುವ ಒಂದೇ ಚೆಂಡನ್ನು ಸರದಿಯಂತೆ ಒಬ್ಬೊಬ್ಬರು 10 ಸೆಕೆಂಡು ಬಳಸಿದರೆ ಒಂದು ಸುತ್ತಿಗೆ 8 ನಿಮಿಷ ಬೇಕು. ಪ್ರತಿಯೊಬ್ಬರಿಗೂ ಮೂರು ಸರದಿ, ಅಂದರೆ ಅರ್ಧ ನಿಮಿಷ. ಅದೇ ತರಗತಿಯನ್ನು ಆರಾರು ಮಕ್ಕಳ ಎಂಟು ಗುಂಪುಗಳಾಗಿ ವಿಂಗಡಿಸಿ ಎಂಟು ಚೆಂಡುಗಳನ್ನು ಕೊಟ್ಟರೆ ಪ್ರತಿಯೊಬ್ಬರಿಗೂ 24 ಸರದಿ, ಅಂದರೆ ನಾಲ್ಕು ನಿಮಿಷ. ವೇಳೆ ಹೆಚ್ಚಲಿಲ್ಲ, ಶಿಕ್ಷಕರು ಹೆಚ್ಚಲಿಲ್ಲ. ಅಭ್ಯಾಸ ಮಾತ್ರ ಎಂಟು ಪಟ್ಟಾಯಿತು. ಹೊಲಿದ ಬಟ್ಟೆಯ ಚೆಂಡುಗಳೂ ಈ ಕೆಲಸಕ್ಕೆ ಸಾಕು.

ಆಟಗಳ ಆಯ್ಕೆಯಲ್ಲಿಯೂ ಇದೇ ವಿವೇಚನೆ ಅಗತ್ಯ. ಖೋ-ಖೋ ನಮ್ಮ ನೆಲದ ಉತ್ತಮ ಆಟ, ಖರ್ಚಿಲ್ಲದ್ದು. ಆದರೆ ಸಾಂಪ್ರದಾಯಿಕ ನಿಯಮದಂತೆ ಬೆನ್ನಟ್ಟುವ ತಂಡದ 9 ಮಂದಿಯಲ್ಲಿ 8 ಮಂದಿ ಕುಳಿತಿರುತ್ತಾರೆ; ತಪ್ಪಿಸಿಕೊಳ್ಳುವವರು ಒಂದು ಸಲಕ್ಕೆ ಮೂವರು. ಯಾವ ಗಳಿಗೆಯಲ್ಲಿ ನೋಡಿದರೂ ಓಡುವವರು ನಾಲ್ವರೇ. ಪಂದ್ಯಕ್ಕೆ ಈ ನಿಯಮ ತಕ್ಕದ್ದು. ಪಾಠಕ್ಕಾದರೋ ಏಕಕಾಲಕ್ಕೆ ಎರಡು ಮೂರು ಚಿಕ್ಕ ಅಂಕಣಗಳನ್ನು ಬರೆಯುವುದು ಮೇಲು. ಸೋತವರನ್ನು ಹೊರಗೆ ಕೂರಿಸುವ ಆಟಗಳಲ್ಲಿ ಮೊದಲು ಹೊರಬೀಳುವುದು ಎಲ್ಲರಿಗಿಂತ ದುರ್ಬಲವಾದ ಮಗು. ಅಭ್ಯಾಸವು ಎಲ್ಲರಿಗಿಂತ ಹೆಚ್ಚು ಬೇಕಾದುದೂ ಅದಕ್ಕೇ. ಹತ್ತು ಸಲ ಹಗ್ಗ ಜಿಗಿದು ಅದು ಮತ್ತೆ ಆಟಕ್ಕೆ ಸೇರುವಂತಾದರೆ ಆಟವೂ ಕೆಡದು, ಮಗುವೂ ಕುಗ್ಗದು.

ಮುಂಬಯಿಯಂಥ ನಗರಗಳಲ್ಲಿ ಬಯಲೇ ದುರ್ಲಭ. ಅಂಗಳ, ಮೊಗಸಾಲೆ, ಮೇಜುಗಳನ್ನು ಬದಿಗೆ ಸರಿಸಿದ ಕೊಠಡಿ—ಇವುಗಳಲ್ಲಿಯೂ ಹಗ್ಗ ಜಿಗಿತ, ಕುಂಟಾಟ, ಸೂರ್ಯನಮಸ್ಕಾರ, ಕೋಲಾಟಗಳು ಸಾಧ್ಯ. ಕೋಲಾಟದಂಥ ಆಟಗಳಲ್ಲಿ ಬಾಲಕಿಯರಿಗೂ ಬಾಲಕರಿಗೂ ಸಮಾನ ಅವಕಾಶವಿರುವುದು ಗಮನಾರ್ಹ. ಸ್ಥಳಾಭಾವವು ದೊಡ್ಡ ಅಡ್ಡಿಯೇ ಹೌದು. ಆದರೆ ಸುಮ್ಮನೆ ಕುಳಿತಿರಲು ಅದು ಸಮರ್ಥನೆಯಲ್ಲ.

ಮೌಲ್ಯಮಾಪನದ ರೀತಿಯೂ ಮಾರ್ಪಡಬೇಕಾಗಿದೆ. ಶಾಲೆಯ ಹೆಗ್ಗಳಿಕೆಯನ್ನು ಗೆದ್ದ ಪದಕಗಳಿಂದ ಅಳೆದಲ್ಲಿ, ಶಿಕ್ಷಕರ ಶ್ರಮವೆಲ್ಲ ಹನ್ನೆರಡು ಹದಿನೈದು ಆಟಗಾರರಿಗೆ ಮೀಸಲಾಗುವುದು ಸಹಜ. ಜೂನ್ ತಿಂಗಳಲ್ಲಿ ಐದು ಸಲ ಹಗ್ಗ ಜಿಗಿಯಲಾರದಿದ್ದ ಬಾಲಕಿಯು ಫೆಬ್ರವರಿಯಲ್ಲಿ ಐವತ್ತು ಸಲ ಜಿಗಿದರೆ, ಅದು ಪದಕಕ್ಕಿಂತ ಕಡಿಮೆಯ ಸಾಧನೆಯಲ್ಲ. ಅವಧಿಗಳ ಸಂಖ್ಯೆಯನ್ನು ಹೆಚ್ಚಿಸುವುದು ಸರಕಾರದ ಕೆಲಸ. ಆ ಅವಧಿಗಳಲ್ಲಿ ಗೋಡೆಗೊರಗಿ ನಿಂತ ಮಗು ಒಂದೂ ಇರದಂತೆ ನೋಡಿಕೊಳ್ಳುವುದು ಶಾಲೆಯ ಕೆಲಸ. ಇವೆರಡೂ ಕೂಡಿದಾಗಲೇ ಅಂಗಸಾಧನೆಯು ಶಿಕ್ಷಣವೆಂಬ ಹೆಸರಿಗೆ ಅರ್ಹವಾಗುತ್ತದೆ.