ಕುಕ್ಕರಿನ ಉಗಿ, ರೇಡಿಯೋದ ಸದ್ದು

ಅಡಿಗೆಮನೆಯಲ್ಲಿ ಮೊಮ್ಮಕ್ಕಳು ಡಬ್ಬಿ, ತಾಟು ಬಡಿಯಹತ್ತಿದರೆ "ಸಾಕು ಮಾಡ್ರೋ ಗದ್ದಲ" ಎಂದು ಗದರಿಸುವುದು ನಮ್ಮೆಲ್ಲರ ಮನೆಯ ರೂಢಿ. ಅದೇ ಗದ್ದಲವನ್ನು ಗಡಿಯಾರ ಹಿಡಿದು, ಲೆಕ್ಕ ಹಾಕಿ ನುಡಿಸಿದ ಮಹನೀಯರೊಬ್ಬರು ಅಮೇರಿಕದಲ್ಲಿ ಆಗಿಹೋದರು. ಅವರೇ ಜಾನ್ ಕೇಜ್ (1912-1992).

1960ರಲ್ಲಿ ಅವರು ಅಲ್ಲಿನ ಟಿ.ವಿ.ಯ ಒಂದು ವಿನೋದ ಕಾರ್ಯಕ್ರಮಕ್ಕೆ ಬಂದರು. ವೇದಿಕೆಯ ಮೇಲೆ ಒಂದು ಸಂತೆಯೇ ನೆರೆದಿತ್ತು. ಸ್ನಾನದ ತೊಟ್ಟಿ, ಪ್ರೆಶರ್ ಕುಕ್ಕರು, ಮಿಕ್ಸರು, ಬರ್ಫದ ತುಂಡುಗಳು, ಗಿಡಕ್ಕೆ ನೀರು ಹಾಕುವ ಝಾರಿ, ರಬ್ಬರಿನ ಬಾತುಕೋಳಿ, ಐದು ರೇಡಿಯೋ, ಜೊತೆಗೆ ಒಂದು ದೊಡ್ಡ ಪಿಯಾನೋ! ಕೃತಿಯ ಹೆಸರು 'ವಾಟರ್ ವಾಕ್'. ಅದರಲ್ಲಿ ನೀರೂ ಉಂಟು, ನಡಿಗೆಯೂ ಉಂಟು, ಅದಕ್ಕೇ ಆ ಹೆಸರು. ಮೂರು ನಿಮಿಷದ ಆಟ. ಯಾವ ಗಳಿಗೆಗೆ ಉಗಿ ಬಿಡಬೇಕು, ಯಾವಾಗ ನೀರು ಸುರಿಯಬೇಕು ಎಂಬುದನ್ನೆಲ್ಲ ಮೊದಲೇ ಬರೆದಿಟ್ಟಿದ್ದರು.

ಅಷ್ಟರಲ್ಲಿ ಒಂದು ತಕರಾರು ಎದ್ದಿತು. ರೇಡಿಯೋದ ಪ್ಲಗ್ಗು ಚುಚ್ಚುವ ಹಕ್ಕು ಯಾರದೆಂದು ಎರಡು ಕಾರ್ಮಿಕ ಸಂಘಗಳೊಳಗೆ ಜಗಳ. ಕೇಜ್ ಸಿಟ್ಟಾಗಲಿಲ್ಲ. ರೇಡಿಯೋ ಹಚ್ಚಬೇಕಾದಲ್ಲಿ ಅದರ ತಲೆಗೊಂದು ಏಟು ಕೊಟ್ಟರು, ಆರಿಸಬೇಕಾದಲ್ಲಿ ಮೇಜಿನಿಂದ ಕೆಳಗೆ ನೂಕಿದರು. ಜನ ನಕ್ಕಾರು ಎಂದು ನಿರೂಪಕರು ಮೊದಲೇ ಎಚ್ಚರಿಸಿದ್ದರು. ಅಳುವುದಕ್ಕಿಂತ ನಗುವುದು ಮೇಲು ಎಂಬ ಅರ್ಥದ ಉತ್ತರ ಕೊಟ್ಟು ಕೇಜ್ ಕೆಲಸಕ್ಕೆ ತೊಡಗಿದ್ದರು. ಜನ ನಕ್ಕೇ ನಕ್ಕರು. ಅವರ ಮೋರೆ ಮಾತ್ರ ಗಂಭೀರ.

ಇದೇ ಕೃತಿಯನ್ನು ಅವರು 1959ರಲ್ಲಿ ಇಟಲಿಯ ಟಿ.ವಿ.ಯಲ್ಲಿ ನುಡಿಸಿದ್ದರು. ಅಲ್ಲಿ ಅಣಬೆಗಳ ಬಗೆಗಿನ ಪ್ರಶ್ನೆಗಳಿಗೆ ಉತ್ತರ ಹೇಳಿ 50 ಲಕ್ಷ ಲಿರಾ ಗೆದ್ದರು. (ಅಣಬೆ ನಮಗೆ ವರ್ಜ್ಯ, ಬಹುಮಾನ ಅಲ್ಲ!) ಆ ಹಣದಲ್ಲಿ ಒಂದು ಪಿಯಾನೋ, ಗೆಳೆಯರ ನೃತ್ಯ ತಂಡಕ್ಕೊಂದು ಫೋಕ್ಸ್‌ವ್ಯಾಗನ್ ಬಸ್ಸು ಕೊಂಡರು.

ಇದು ಸಂಗೀತವೇ? ನನ್ನ ಕಿವಿ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಪಿಂಗಾಣಿ ಬಟ್ಟಲಿಗೆ ನೀರು ತುಂಬಿದ ಜಲತರಂಗಕ್ಕೆ, ಮಣ್ಣಿನ ಘಟಕ್ಕೆ ತಲೆದೂಗುವ ನಾವು ಆತುರದಿಂದ 'ಅಲ್ಲ' ಎನ್ನುವುದೂ ಕಷ್ಟ.

ಇನ್ನೊಂದು ಸಂಗತಿ ನಮ್ಮ ಓದುಗರಿಗೆ ಹಿತವಾದೀತು. 1946ರಲ್ಲಿ ಅಹಮದಾಬಾದಿನ ಜೈನ ಗಿರಣಿ ಮಾಲಿಕರಾದ ಅಂಬಾಲಾಲ ಸಾರಾಭಾಯಿಯವರ ಮಗಳು, ವಿಜ್ಞಾನಿ ವಿಕ್ರಮರ ತಂಗಿ ಗೀತಾ ನ್ಯೂಯಾರ್ಕಿಗೆ ಹೋಗಿದ್ದರು. ಪಾಶ್ಚಾತ್ಯ ಸಂಗೀತವು ನಮ್ಮದರ ಮೇಲೆ ಬೀರುವ ಪರಿಣಾಮದ ಚಿಂತೆ ಅವರಿಗಿತ್ತು. ಅದನ್ನು ಕಲಿತೇ ತಿಳಿಯಬೇಕೆಂದು ಕೇಜ್ ಬಳಿ ಬಂದರು. ಫೀಯ ಮಾತು ಬಂದಾಗ ಕೇಜ್ ಹಣ ಬೇಡವೆಂದರು: ನಾನು ನನ್ನದನ್ನು ಕಲಿಸುತ್ತೇನೆ, ನೀವು ಭಾರತದ್ದನ್ನು ಕಲಿಸಿ. ಎರಡೂ ಕಡೆಗೆ ಲಾಭದ ವ್ಯವಹಾರ! ಮನಸ್ಸನ್ನು ಶಾಂತಗೊಳಿಸಿ ದೈವಿಕ ಪ್ರಭಾವಕ್ಕೆ ಅಣಿಮಾಡುವುದೇ ಸಂಗೀತದ ಉದ್ದೇಶ ಎಂಬ ತಮ್ಮ ಗುರುಗಳ ಮಾತನ್ನು ಗೀತಾ ಅವರಿಗೆ ತಿಳಿಸಿದರು. ಕೇಜ್ ಅದನ್ನು ಕಡೆತನಕ ನೆನೆಯುತ್ತಿದ್ದರು.

ಆ ವರ್ಷಗಳಲ್ಲೇ, 1946ರಿಂದ 48ರೊಳಗೆ, ಅವರು ಪಿಯಾನೋದ ತಂತಿಗಳ ನಡುವೆ ಸ್ಕ್ರೂ, ಬೋಲ್ಟು, ರಬ್ಬರಿನ ತುಂಡು ಸಿಕ್ಕಿಸಿ ನುಡಿಸುವ ದೊಡ್ಡ ಕೃತಿಯೊಂದನ್ನು ರಚಿಸಿದರು. ಅದರ ವಸ್ತು ನಮ್ಮ ನವರಸಗಳು. ಅಂಥ ಬೋಲ್ಟುಗಳನ್ನು ನಮ್ಮ ಪೇಟೆಯಲ್ಲಿ ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ.