ಕಟ್ಟಡವೂ ಬೀದಿಯೂ

ಬೆಂಗಳೂರಿನ ಡಾ. ರಾಜ್‌ಕುಮಾರ್ ರಸ್ತೆಯ ಬದಿಯಲ್ಲಿ ಸುಮಾರು 40 ಎಕರೆಗಳ ಬ್ರಿಗೇಡ್ ಗೇಟ್‌ವೇ ಎಂಬ ಸಂಕೀರ್ಣವುಂಟು. ಮನೆ, ಕಚೇರಿ, ಆಸ್ಪತ್ರೆ, ಹೋಟೆಲು, ಅಂಗಡಿಗಳೆಲ್ಲವೂ ಅಲ್ಲಿ ಒಂದೇ ಆವರಣದಲ್ಲಿವೆ. ಇಂತಹುದನ್ನು ಕಟ್ಟುವ ಮುನ್ನ, ಎದುರಿನ ಬೀದಿ ಅದರ ಭಾರವನ್ನು ತಾಳೀತೇ ಎಂದು ತಿಳಿಯುವುದು ಹೇಗೆ?

ಮೊದಲು ಎಣಿಕೆ. ಬಸ್ಸೂ ಸ್ಕೂಟರೂ ಸಮನಾಗಿ ರಸ್ತೆಯನ್ನು ಆಕ್ರಮಿಸುವುದಿಲ್ಲ. ಆದುದರಿಂದ ಎಲ್ಲವನ್ನೂ ಕಾರಿನ ಮಾನಕ್ಕೆ ಇಳಿಸುತ್ತಾರೆ. ಬಳಿಕ ಹೊಸ ಕಟ್ಟಡದ ಪಯಣಗಳನ್ನು ಅಂದಾಜು ಮಾಡಿ ಕೂಡಿಸುತ್ತಾರೆ. ಆವರಣದೊಳಗೇ ನಡೆದು ಮುಗಿಯುವ ಪಯಣಗಳನ್ನು ಕಳೆಯಬೇಕು. ಮಿಶ್ರ ಬಳಕೆಯ ಲಾಭವೇ ಇದು.

ಇನ್ನು ಸಾಲು. 1961ರಲ್ಲಿ ಅಮೆರಿಕದ ಜಾನ್ ಲಿಟ್ಲ್ ಸಾಧಿಸಿ ತೋರಿಸಿದ ಸೂತ್ರ ಸರಳವಾದುದು: ಬರುವ ದರವನ್ನು ಕಾಯುವ ಕಾಲದಿಂದ ಗುಣಿಸಿದರೆ ಸಾಲಿನ ಸರಾಸರಿ ಸಂಖ್ಯೆ ದೊರೆಯುತ್ತದೆ. ಗಂಟೆಗೆ 600 ಕಾರುಗಳು ಬಂದು ಒಂದೊಂದೂ 2 ನಿಮಿಷ ಕಾದರೆ ಸಾಲಿನಲ್ಲಿ 20 ಕಾರು. ತಲಾ 6 ಮೀಟರಿನಂತೆ 120 ಮೀಟರು. ದರ 900ಕ್ಕೇರಿ, ಇಕ್ಕಟ್ಟಿನಿಂದ ಕಾಯುವ ಕಾಲವೂ 4 ನಿಮಿಷವಾದರೆ? 360 ಮೀಟರು! ಕಾರುಗಳು ಒಂದೂವರೆ ಪಟ್ಟು, ಸಾಲು ಮೂರು ಪಟ್ಟು. ಅದರ ಕೊನೆಯಲ್ಲಿ ರೋಗಿಯನ್ನು ಹೊತ್ತ ವಾಹನವೂ ಇರಬಹುದು.

2014ರಲ್ಲಿ ಆ ಸಂಕೀರ್ಣದ ಸಮೀಪವೇ ಮೆಟ್ರೋ ನಿಲ್ದಾಣ ತೆರೆಯಿತು. ಕಾರನ್ನು ಬಿಟ್ಟು ರೈಲು ಹಿಡಿದ ಪ್ರತಿಯೊಬ್ಬರೂ ಸಾಲನ್ನು ಕುಗ್ಗಿಸುತ್ತಾರೆ.

ಬೆಟ್ಟಂಪಾಡಿಯ ವಿದ್ಯಾರ್ಥಿಯೂ ಪುತ್ತೂರು ಪೇಟೆಯಲ್ಲಿ ಗಡಿಯಾರ, ಪೆನ್ಸಿಲು ಹಿಡಿದು ಈ ಎಣಿಕೆಯನ್ನು ಮಾಡಬಲ್ಲನು. ಕಟ್ಟಡವೆದ್ದ ಮೇಲೆ ಬೀದಿಯನ್ನು ಅಗಲಿಸುವುದು ಕಷ್ಟ. ಮೊದಲೇ ಎಣಿಸುವುದು ಸುಲಭ.